ಮುಗ್ಗರಿಸುವ ಹಳೆಯ ಮೋಟಾರು

ತಂದೆಯ ಕಾಲದ ಪ್ರೀಮಿಯರ್ ಪದ್ಮಿನಿಯನ್ನು ಮನೆಯ ಹಿರಿಯರಂತೆ ಆದರದಿಂದ ನೋಡಿಕೊಂಡು ಬಂದಿರುವ ಸಂಸಾರಗಳು ಬೆಂಗಳೂರು, ಮೈಸೂರುಗಳಲ್ಲಿ ಇಂದಿಗೂ ಉಂಟು. ಭಾನುವಾರ ಬೆಳಿಗ್ಗೆ ಅದನ್ನು ತೊಳೆದು ಒರೆಸಿ, ಮಕ್ಕಳುಮರಿಗಳೊಡನೆ ನೆಂಟರ ಮನೆಗೆ ಹೊರಟರೆ ದಾರಿಹೋಕರು ನಿಂತು ನೋಡುತ್ತಾರೆ. ಆದರೆ ವೃತ್ತದಲ್ಲಿ ಹಸಿರು ದೀಪ ಹೊತ್ತಿ ಯಜಮಾನರು ಆಕ್ಸಿಲರೇಟರನ್ನು ಒತ್ತಿದೊಡನೆ, ಗಾಡಿ ಮುನ್ನುಗ್ಗುವ ಬದಲು ಉಸಿರು ಕಟ್ಟಿದಂತಾಗಿ, ಕೆಮ್ಮಿ, ಮುಗ್ಗರಿಸಿ, ಆಮೇಲೆ ಹೊರಡುತ್ತದೆ. ಅಷ್ಟರಲ್ಲಿ ಹಿಂದಿನ ಬಸ್ಸಿನ ಹಾರನ್ನು ಎಲ್ಲರ ಕಿವಿಯನ್ನೂ ಮುಟ್ಟಿರುತ್ತದೆ. ಹಾರನ್ನನ್ನೇನೋ ಸಹಿಸಿಕೊಳ್ಳಬಹುದು, ಎದುರಿನಿಂದ ಲಾರಿ ಬರುತ್ತಿರುವಾಗ, ಬಲಕ್ಕೆ ತಿರುಗುವ ಹೊತ್ತಿನಲ್ಲಿ ಇದೇ ಮುಗ್ಗರಿಕೆ ಬಂದರೆ ಅದು ನಗುವ ಮಾತಲ್ಲ.

"ಗಾಡಿಗೆ ವಯಸ್ಸಾಯಿತು, ಎಂಜಿನ್ ಇಳಿಸಬೇಕು" ಎಂದು ಒಬ್ಬರು. "ಕಾರ್ಬ್ಯುರೇಟರನ್ನೇ ಬದಲಾಯಿಸಬೇಕು" ಎಂದು ಇನ್ನೊಬ್ಬರು. "ಮಾರಿಬಿಡಿ, ಪೀಡೆ ಕಳೆಯಲಿ" ಎಂದು ಭಾವಮೈದುನ. ಮೂವರ ಮಾತನ್ನೂ ಒಂದು ದಿನದ ಮಟ್ಟಿಗೆ ಬದಿಗಿರಿಸುವುದು ಲೇಸು. ಈ ಗಾಡಿಗಳ ತಯಾರಿಕೆ 2001ರ ಸುಮಾರಿಗೆ ನಿಂತುಹೋಯಿತಾದ್ದರಿಂದ ಅತಿ ಕಿರಿಯದಕ್ಕೂ ಇಪ್ಪತ್ತು ವರ್ಷ ಮೀರಿದೆ ನಿಜ. ಆದರೆ ಒತ್ತಿದ ಮರುಕ್ಷಣ ಮಾತ್ರ ತಡವರಿಸಿ, ಮುಂದೆ ಸರಾಗವಾಗಿ ಓಡುವ ಗಾಡಿಯ ದೋಷ ಬಹುಮಟ್ಟಿಗೆ ವಯಸ್ಸಿನದಲ್ಲ, ಅಂಗೈಯಲ್ಲಿ ಅಡಗುವ ಒಂದು ರಬ್ಬರು ಪೊರೆಯದು.

ಕಾರಣ ಸರಳವಾಗಿದೆ. ಆಕ್ಸಿಲರೇಟರನ್ನು ಒತ್ತಿದಾಗ ಕಾರ್ಬ್ಯುರೇಟರಿನ ಒಳಗಿನ ತಗಡು ತೆರೆದುಕೊಂಡು ಗಾಳಿ ಒಮ್ಮೆಲೇ ನುಗ್ಗುತ್ತದೆ. ಪೆಟ್ರೋಲು ಗಾಳಿಗಿಂತ ಭಾರವಾದದ್ದು. ಅಷ್ಟು ಬೇಗ ಹಿಂಬಾಲಿಸಲಾರದು. ಗಾಳಿ ಹೆಚ್ಚಾಗಿ ಪೆಟ್ರೋಲು ಕಡಿಮೆಯಾದ ಆ ಕ್ಷಣದಲ್ಲಿ ಎಂಜಿನ್ನು ಉಪವಾಸ ಬೀಳುತ್ತದೆ. ನಿರ್ಮಾಪಕರಿಗೆ ಇದು ತಿಳಿಯದ ಸಂಗತಿಯಲ್ಲ. ಆದುದರಿಂದಲೇ ಪದ್ಮಿನಿಯ ಸೋಲೆಕ್ಸ್ ಕಾರ್ಬ್ಯುರೇಟರಿನ ಪಕ್ಕದಲ್ಲಿ ಪುಟ್ಟ ಪಂಪೊಂದನ್ನು ಇಟ್ಟಿದ್ದಾರೆ. ಒತ್ತಿದಾಗಲೆಲ್ಲ ಅದರ ಪೊರೆ, ಅಂದರೆ ಡಯಾಫ್ರಮ್, ಒಂದು ಚಿಲುಮೆ ಪೆಟ್ರೋಲನ್ನು ಒಳಕ್ಕೆ ಚಿಮ್ಮಿಸಿ ಕೊರತೆಯನ್ನು ತುಂಬುತ್ತದೆ. ಪೊರೆ ಒಣಗಿ ಗಟ್ಟಿಯಾದರೆ ಅಥವಾ ಹರಿದರೆ ಚಿಲುಮೆ ಇಲ್ಲ.

ಪರೀಕ್ಷೆಗೆ ಇಬ್ಬರು ಸಾಕು. ಹಿಂದಿನ ದಿನ ಓಡಿ ಚೆನ್ನಾಗಿ ತಣಿದಿರುವ ಗಾಡಿಯಾಗಿರಬೇಕು. ತಿಂಗಳುಗಟ್ಟಲೆ ನಿಂತಿದ್ದರೆ ಕಾರ್ಬ್ಯುರೇಟರಿನ ಬಟ್ಟಲಿನಲ್ಲಿ ಪೆಟ್ರೋಲು ಇಂಗಿಹೋಗಿ ಫಲಿತಾಂಶ ಮೋಸಮಾಡೀತು. ಬಯಲಿನಲ್ಲಿ ನಿಲ್ಲಿಸಿ, ಬ್ಯಾಟರಿಯ ಒಂದು ತಂತಿಯನ್ನು ಬಿಚ್ಚಿಡಬೇಕು. ಬೀಡಿ, ಊದುಬತ್ತಿ, ಉರಿಯುವ ಒಲೆ ಯಾವುದೂ ಸಮೀಪದಲ್ಲಿರಕೂಡದು. ಈ ಮಾತಿನಲ್ಲಿ ರಿಯಾಯಿತಿ ಇಲ್ಲ. ಏರ್ ಫಿಲ್ಟರನ್ನು ತೆಗೆದು, ಎಂಜಿನ್ನು ನಿಂತಿರುವಂತೆಯೇ, ಮಗ ಒಳಗೆ ಕುಳಿತು ಆಕ್ಸಿಲರೇಟರನ್ನು ಒತ್ತಲಿ. ತಂದೆ ಮುಖವನ್ನು ಓರೆಯಾಗಿಟ್ಟುಕೊಂಡು ಕಾರ್ಬ್ಯುರೇಟರಿನ ಗಂಟಲನ್ನು ನೋಡಲಿ. ಒತ್ತಿದೊಡನೆ ಸಣ್ಣ ಧಾರೆಯೊಂದು ಚಿಮ್ಮಬೇಕು. ತೊಟ್ಟಿಕ್ಕಿದರೆ ಅಥವಾ ತಡವಾಗಿ ಬಂದರೆ ಕಳ್ಳ ಸಿಕ್ಕಿಬಿದ್ದಂತೆಯೇ.

ಪಂಪಿನ ಮುಚ್ಚಳವನ್ನು ತೆಗೆಯುವ ಮುನ್ನ ದೂರವಾಣಿಯಿಂದ ಒಂದು ಚಿತ್ರ ತೆಗೆದುಕೊಂಡರೆ ಜೋಡಿಸುವಾಗ ಜಗಳವಿರದು. ಒಳಗಿನ ಸ್ಪ್ರಿಂಗು ಹಾರಿಹೋಗದಂತೆ ಕೈಯಡ್ಡ ಇಟ್ಟು, ಹಳೆಯ ಪೊರೆಯನ್ನು ಬೆಳಕಿಗೆ ಹಿಡಿದು ನೋಡಬೇಕು. ಧಾರೆ ಬರುವ ರಂಧ್ರವನ್ನು ಕ್ಲೀನರಿನ ತುಂತುರಿನಿಂದ ತೊಳೆಯಬೇಕೇ ಹೊರತು ತಂತಿ ತೂರಿಸಬಾರದು; ರಂಧ್ರ ಹಿಗ್ಗಿದರೆ ಅದು ಬೇರೆಯೇ ರೋಗ. ಹೊಸ ಪೊರೆಯನ್ನಿಟ್ಟು ತಿರುಪುಗಳನ್ನು ಎದುರುಬದುರಾಗಿ, ಸ್ವಲ್ಪಸ್ವಲ್ಪವಾಗಿ ಬಿಗಿಯಬೇಕು.

ಪೊರೆಗಾಗಿ ಬೆಂಗಳೂರಿನವರು ಹೋಗಬೇಕಾದದ್ದು ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳಿಗೆ. ಅಲ್ಲಿ ಎಥನಾಲನ್ನು ತಾಳುವ ರಬ್ಬರನ್ನೇ ಕೇಳಬೇಕು. ನೂರಕ್ಕೆ 20 ಪಾಲು ಎಥನಾಲ್ ಬೆರೆತ ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರವರಿಯಲ್ಲಿ ಚಾಲನೆ ದೊರೆತದ್ದು ಬೆಂಗಳೂರಿನಲ್ಲಿಯೇ. ಎಥನಾಲ್ ಹಳೆಯ ರಬ್ಬರನ್ನು ಕೆಡಿಸುತ್ತದೆ, ತೇವವನ್ನೂ ಸೆಳೆದುಕೊಳ್ಳುತ್ತದೆ. ಒಂದು ತೂಕ ಶುದ್ಧ ಪೆಟ್ರೋಲು ಉರಿಯಲು ಸುಮಾರು 14.7 ತೂಕ ಗಾಳಿ ಬೇಕಾದರೆ ಎಥನಾಲಿಗೆ ಸುಮಾರು 9 ಸಾಕು. ಹಳೆಯ ಅಳತೆಯ ರಂಧ್ರಗಳಲ್ಲಿ ಈ ಮಿಶ್ರಣ ಹರಿದರೆ ಗಾಳಿಯೇ ಹೆಚ್ಚಾಗುತ್ತದೆ. ಮೊದಲೇ ಬಡವಾದ ಪಂಪಿನ ಬಡತನ ಬಯಲಾಗುವುದು ಹೀಗೆ.

ಧಾರೆ ಸರಿಯಾಗಿಯೇ ಇದ್ದರೆ? ಚೋಕನ್ನು ತುಸು ಎಳೆದಾಗ ಮುಗ್ಗರಿಕೆ ಮಾಯವಾದರೆ, ಕಾರ್ಬ್ಯುರೇಟರಿನ ಬುಡದ ಗ್ಯಾಸ್ಕೆಟ್ಟಿನಲ್ಲಿ ಗಾಳಿ ಸೋರುತ್ತಿರಬಹುದು ಅಥವಾ ಜೆಟ್ಟಿನಲ್ಲಿ ಕಸ ಸಿಕ್ಕಿರಬಹುದು. ಏರಿನಲ್ಲಿ ಉದ್ದಕ್ಕೂ ಸೊರಗಿದರೆ ಪೆಟ್ರೋಲಿನ ಫಿಲ್ಟರನ್ನು ನೋಡಬೇಕು. ಡಿಸ್ಟ್ರಿಬ್ಯೂಟರಿನ ಪಾಯಿಂಟುಗಳ ಬಿರುಕು ಅರ್ಧ ಮಿಲಿಮೀಟರಿಗಿಂತ ತುಸು ಕಡಿಮೆ ಇರತಕ್ಕದ್ದು. ಖಚಿತ ಅಳತೆ ಗಾಡಿಯ ಕೈಪಿಡಿಯಲ್ಲಿದೆ. ಕಂಡವರೆಲ್ಲ ತಿರುಗಿಸುವ ಆ ಮಿಶ್ರಣದ ತಿರುಪನ್ನು ಮಾತ್ರ ಮುಟ್ಟದಿರುವುದು ಕ್ಷೇಮ. ಅದರ ಆಳ್ವಿಕೆ ನಿಂತಲ್ಲಿ ನಡೆಯುವ ಎಂಜಿನ್ನಿಗಷ್ಟೇ; ಮುಗ್ಗರಿಕೆ ಅದರಿಂದ ಹೋಗದು.

ಕೆಲಸ ಮುಗಿದ ಮೇಲೆ ಮುಚ್ಚಳದ ಸುತ್ತ ಬೆರಳಾಡಿಸಿ, ಒದ್ದೆ ಇಲ್ಲವೆಂದು ಖಾತ್ರಿಮಾಡಿಕೊಂಡೇ ಬ್ಯಾಟರಿಯ ತಂತಿಯನ್ನು ಸೇರಿಸಬೇಕು. ಎಂಜಿನ್ನು ನಡೆಸಿ ಮತ್ತೊಮ್ಮೆ ನೋಡಿ, ಏರ್ ಫಿಲ್ಟರನ್ನು ಸ್ವಸ್ಥಾನದಲ್ಲಿ ಕೂರಿಸಿ, ಜನಸಂಚಾರವಿಲ್ಲದ ರಸ್ತೆಯಲ್ಲಿ ಎರಡನೆಯ ಗೇರಿನಲ್ಲಿ ಮೆಲ್ಲಗೆ ಹೋಗುತ್ತಾ ಆಕ್ಸಿಲರೇಟರನ್ನು ಒತ್ತಿ ನೋಡಬೇಕು. ಲಾರಿಗಳ ವೃತ್ತಕ್ಕೆ ಹೋಗುವುದು ಅದಾದ ಮೇಲೆ, ಭಾವಮೈದುನನನ್ನೂ ಕೂರಿಸಿಕೊಂಡು.