ಹಲ್ಲು ಫಿಕ್ಸ್ ಆಯಿತು, ಒಸಡಿನ ಕತೆ ಏನು?

ಲಕ್ಷದ ಲೆಕ್ಕದಲ್ಲಿ ದುಡ್ಡು ಕೊಟ್ಟು ಫಿಕ್ಸೆಡ್ ಹಲ್ಲು ಕಟ್ಟಿಸಿಕೊಂಡ ಹಿರಿಯರನ್ನು ಮೊದಲ ವಾರದಲ್ಲಿ ಮಾತಾಡಿಸಿ ನೋಡಬೇಕು. ಮಕ್ಕಳು ಕೇಳಿದರೆ ‘ಚೆನ್ನಾಗಿದೆ’ ಎನ್ನುತ್ತಾರೆ. ಊಟಕ್ಕೆ ಕೂತಾಗ ಮಾತ್ರ ಒಂದೇ ಕಡೆಯ ದವಡೆ ಆಡುತ್ತಿರುತ್ತದೆ. ಅಷ್ಟು ಖರ್ಚು ಮಾಡಿಸಿದ ಮೇಲೆ ಒಸಡು ನೋಯುತ್ತಿದೆ ಎನ್ನಲು ಸಂಕೋಚ. ಮತ್ತೆ ಡಾಕ್ಟರ ಹತ್ತಿರ ಹೋದರೆ ಇನ್ನೆಷ್ಟು ಬಿಲ್ ಆಗುತ್ತದೋ ಎಂಬ ಅಳುಕು ಬೇರೆ. ಸರ್ಕಾರದ ದಂತಭಾಗ್ಯ ಯೋಜನೆಯಲ್ಲಿ ಬಡ ಹಿರಿಯರಿಗೆ ಸಿಗುವುದು ತೆಗೆದು ಹಾಕುವ ಸೆಟ್ಟು. ಕದಲದ ಹಲ್ಲು ಬೇಕೆಂದವರು ತಮ್ಮ ಜೇಬನ್ನೇ ನಂಬಬೇಕು. ಹಾಗೆ ಜೇಬು ಬರಿದು ಮಾಡಿಕೊಂಡವರೇ ಸದ್ದಿಲ್ಲದೆ ನೋವು ನುಂಗುತ್ತಾರೆ.

ಈ ಮೌನಕ್ಕೆ ಅರ್ಧ ಕಾರಣ ‘ಫಿಕ್ಸೆಡ್’ ಎಂಬ ಪದವೇ. ಕೂರಿಸಿದ ದಿನಕ್ಕೇ ಕೆಲಸ ಮುಗಿಯಿತು ಎಂದು ಅದು ನಂಬಿಸಿಬಿಡುತ್ತದೆ. ಉಳಿದರ್ಧ, ಮೂರೇ ದಿನದಲ್ಲಿ ಹೊಸ ಹಲ್ಲು ಎಂದು ಸಾರುವ ಜಾಹೀರಾತುಗಳದ್ದು.

ದವಡೆಯ ಮೂಳೆಗೇ ಲೋಹದ ಬೇರು ಹುದುಗಿಸಿ ಕೂರಿಸುವ ಇಂಪ್ಲಾಂಟ್ ಹಲ್ಲು ಹುಟ್ಟಿದ್ದು ಇಂಥ ಅವಸರದಲ್ಲಲ್ಲ. 1950ರ ದಶಕದಲ್ಲಿ ಸ್ವೀಡನ್ನಿನ ಸಂಶೋಧಕ ಪೆರ್-ಇಂಗ್ವಾರ್ ಬ್ರೋನೆಮಾರ್ಕ್ ಮೊಲದ ಮೂಳೆಯೊಳಗೆ ಟೈಟಾನಿಯಂ ಸಾಧನವೊಂದನ್ನು ಇಟ್ಟಿದ್ದರು. ಪ್ರಯೋಗ ಮುಗಿಸಿ ಬಿಚ್ಚಲು ಹೋದರೆ ಅದು ಮೂಳೆಯೊಂದಿಗೆ ಬೆಸೆದುಹೋಗಿತ್ತು. 1965ರಲ್ಲಿ ಅವರು ಗೊಥೆನ್‌ಬರ್ಗಿನ ಯೋಸ್ಟಾ ಲಾರ್ಸನ್ ಎಂಬವರ ಕೆಳದವಡೆಗೆ ನಾಲ್ಕು ಟೈಟಾನಿಯಂ ಬೇರುಗಳನ್ನು ಕೂರಿಸಿದರು. ಲಾರ್ಸನ್ 2006ರಲ್ಲಿ ತೀರಿಕೊಂಡಾಗಲೂ ಅವು ಗಟ್ಟಿಯಾಗಿದ್ದವು. ಬೇರನ್ನು ಒಸಡಿನಡಿ ಹುದುಗಿಸಿ, ಕೆಳದವಡೆಗೆ ಸುಮಾರು ಮೂರು ತಿಂಗಳು, ಮೇಲ್ದವಡೆಗೆ ಆರು ತಿಂಗಳು ಕಾಯುವುದು ಬ್ರೋನೆಮಾರ್ಕ್ ಪದ್ಧತಿಯಾಗಿತ್ತು. ಈಗ ತಕ್ಷಣವೇ ಹಲ್ಲು ಕೂರಿಸುವ ವಿಧಾನಗಳಿವೆ, ಮೂಳೆ ಗಟ್ಟಿಯಿದ್ದವರಲ್ಲಿ ಅವು ಗೆಲ್ಲುವುದೂ ಉಂಟು. ಆದರೆ ಮೂಳೆ ಬೆಸೆಯಲು ಇವತ್ತಿಗೂ ತಿಂಗಳುಗಳೇ ಬೇಕು. ಊದಿದ ಒಸಡು ಇಳಿದು ತನ್ನ ಆಕಾರಕ್ಕೆ ಬರಲು ವಾರಗಳು ಬೇಕು.

ಇನ್ನೊಂದು ಸಂಗತಿಯನ್ನು ರೋಗಿಗೆ ಹೇಳುವವರು ಕಡಿಮೆ. ಸ್ವಂತ ಹಲ್ಲಿನ ಬೇರಿನ ಸುತ್ತ ತೆಳ್ಳನೆಯ ನಾರಿನ ಪದರವಿರುತ್ತದೆ. ಅನ್ನದಲ್ಲಿ ಕಲ್ಲು ಸಿಕ್ಕೊಡನೆ ದವಡೆ ತಟಕ್ಕನೆ ನಿಲ್ಲುವುದು ಮುಖ್ಯವಾಗಿ ಅದರಿಂದ. ಇಂಪ್ಲಾಂಟಿಗೆ ಆ ಪದರವಿಲ್ಲ. ಎಷ್ಟು ಜೋರಾಗಿ ಕಚ್ಚುತ್ತಿದ್ದೇವೆ ಎಂಬ ಅಂದಾಜು ತಪ್ಪಿ, ಚಕ್ಕುಲಿ, ಕೋಡುಬಳೆಗಳ ಪೆಟ್ಟು ನೇರವಾಗಿ ಬೀಳುತ್ತದೆ.

ಅಕ್ಕಪಕ್ಕದ ಹಲ್ಲನ್ನು ಉಜ್ಜಿ ಕೂರಿಸುವ ಬ್ರಿಡ್ಜ್‌ನ ತಕರಾರು ಬೇರೆ. ಕ್ಯಾಪಿನ ಅಂಚಿನಲ್ಲಿ ಉಳಿದ ಸಿಮೆಂಟಿನ ಚೂರು, ಒಸಡನ್ನು ಒತ್ತುವ ನಡುವಿನ ಹಲ್ಲು, ಕೂದಲೆಳೆಯಷ್ಟು ಎತ್ತರವಾದ ಕಚ್ಚು, ಇವುಗಳಲ್ಲಿ ಯಾವುದಾದರೂ ಒಂದಿದ್ದರೆ ಎಷ್ಟು ಉಪ್ಪುನೀರು ಮುಕ್ಕಳಿಸಿದರೂ ನೋವು ಹೋಗದು. ಅರಿವಳಿಕೆ ಕೊಟ್ಟು ಕೂರಿಸಿದ ದಿನ ಕಚ್ಚು ಎತ್ತರವಿರುವುದು ರೋಗಿಗೆ ತಿಳಿಯುವುದೂ ಇಲ್ಲ. ಬಣ್ಣದ ಕಾಗದ ಕಚ್ಚಿಸಿ, ಕಲೆ ಬಿದ್ದ ಕಡೆ ತುಸು ಉಜ್ಜಿದರೆ ಎಷ್ಟೋ ಜನರ ನೋವು ಕುರ್ಚಿಯಿಂದ ಏಳುವ ಮೊದಲೇ ಅರ್ಧ ಇಳಿಯುತ್ತದೆ. ಇಷ್ಟು ಸಣ್ಣ ಕೆಲಸಕ್ಕೆ ‘ಅಭ್ಯಾಸ ಆಗುತ್ತೆ ಬಿಡಿ’ ಎಂದು ಕಳಿಸುವುದು ಚಿಕಿತ್ಸೆಯಲ್ಲ, ಸೋಮಾರಿತನ.

ಹಾಗೆಂದು ಮೊದಲ ದಿನಗಳ ಉರಿಗೆಲ್ಲ ಗಾಬರಿ ಬೀಳಬೇಕಿಲ್ಲ. ದಿನದಿಂದ ದಿನಕ್ಕೆ ಇಳಿಯುವ ನೋವು ಸಹಜ. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ದಿನಕ್ಕೆ ಮೂರ್ನಾಲ್ಕು ಸಲ ಮುಕ್ಕಳಿಸಿದರೆ ಹಿತ. ಆದರೆ ಹೊಸದಾಗಿ ಶಸ್ತ್ರಚಿಕಿತ್ಸೆಯಾಗಿದ್ದರೆ ಮೊದಲ ದಿನ ಮುಕ್ಕಳಿಸಬಾರದು. ಊಟದ ವಿಷಯದಲ್ಲಿ ಹಳೆ ಮೈಸೂರಿನವರು ಪುಣ್ಯವಂತರು, ಮುದ್ದೆಯನ್ನು ಹೇಗೂ ಅಗಿಯುವಂತಿಲ್ಲ. ಉತ್ತರ ಕರ್ನಾಟಕದವರು ಕಡಕ್ ರೊಟ್ಟಿ, ರಂಜಕವನ್ನು ಕೆಲವು ದಿನ ಮರೆತು, ಬಿಸಿರೊಟ್ಟಿಯನ್ನು ಹಾಲಿನಲ್ಲಿ ನೆನೆಸಿಕೊಳ್ಳುವುದು ಲೇಸು.

ನೋಯುವ ಜಾಗಕ್ಕೆ ಬ್ರಷ್ ತಾಗಿಸದಿರುವುದು ಎಲ್ಲರೂ ಮಾಡುವ ತಪ್ಪು. ಅಲ್ಲಿ ಪಾಚಿ ಕಟ್ಟಿದಷ್ಟೂ ಒಸಡು ಊದಿ, ರಕ್ತ ಒಸರುತ್ತದೆ. ಮೆತ್ತನೆಯ ಬ್ರಷ್ ಸಾಕು; ಬ್ರಿಡ್ಜಿನ ಅಡಿಗೆ ಮಾತ್ರ ಸೂಪರ್ ಫ್ಲಾಸ್ ಅಥವಾ ಸಣ್ಣ ಕಡ್ಡಿ ಬ್ರಷ್ ಬೇಕು. ಬೇವಿನ ಕಡ್ಡಿ ಎಷ್ಟೇ ಪವಿತ್ರವಾದರೂ ಅಲ್ಲಿಗೆ ತಲುಪುವುದಿಲ್ಲ. ಲವಂಗದ ಎಣ್ಣೆಯನ್ನು ನೇರವಾಗಿ ಸವರಿದರೆ, ನೋವಿನ ಮಾತ್ರೆಯನ್ನು ಒಸಡಿನ ಪಕ್ಕ ಒತ್ತರಿಸಿಟ್ಟರೆ, ಚರ್ಮ ಸುಟ್ಟು ಬೆಳ್ಳಗಾಗುತ್ತದೆ. ನಶ್ಯ, ಕಡ್ಡಿಪುಡಿ ಕ್ಷಣಕಾಲ ಮರೆಸಿದರೂ ಮಾಯುವಿಕೆಯನ್ನೇ ತಡೆಯುತ್ತವೆ, ಬೀಡಿಯೂ ಅಷ್ಟೇ. ಕಿಡ್ನಿ ತೊಂದರೆ ಇದ್ದವರು, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಅಂಗಡಿಯವನ ಮಾತು ಕೇಳಿ ನೋವಿನ ಗುಳಿಗೆ ತೆಗೆದುಕೊಳ್ಳಬಾರದು. ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದವರಿಗೆ ಸೋಂಕು ಬೇಗ ತಗಲುತ್ತದೆ.

ನೋವು ಇಳಿದು ಮತ್ತೆ ಏರಿದರೆ, ಕೀವು, ಜ್ವರ, ಬಾವು ಕಂಡರೆ, ಹಲ್ಲು ಅಲುಗಿದರೆ, ತುಟಿ ಜೋಮು ಹಿಡಿದರೆ ತಡಮಾಡಬಾರದು. ಎರಡು ವಾರವಾದರೂ ಮಾಯದ ಹುಣ್ಣನ್ನು ಹೊಸ ಹಲ್ಲಿನ ತಲೆಗೆ ಕಟ್ಟಿ ಸುಮ್ಮನಿರುವುದು, ಹೊಗೆಸೊಪ್ಪಿನ ಅಭ್ಯಾಸವಿದ್ದವರ ಮಟ್ಟಿಗಂತೂ, ಅಪಾಯ. ಅದು ಬಾಯಿ ಕ್ಯಾನ್ಸರಿನ ಮೊದಲ ಗುರುತೂ ಆಗಿರಬಹುದು.

ಇಷ್ಟನ್ನೂ ಹೇಳಬೇಕಾದ ಹೊಣೆ ಹಲ್ಲು ಕೂರಿಸಿದವರದ್ದು. ಕೂರಿಸಿದ ಮೇಲಿನ ಭೇಟಿಗಳು ದಾಕ್ಷಿಣ್ಯಕ್ಕೆ ಕೊಡುವ ಸೇವೆಯಾಗದೆ, ಕೊಟ್ಟ ದುಡ್ಡಿನಲ್ಲೇ ಸೇರಿರಬೇಕು. ಹಲ್ಲು ಕಟ್ಟಿಸಿಕೊಳ್ಳಲು ಹೊರಟವರು ಮುಂಗಡ ಕೊಡುವ ಮೊದಲು ವಾರದ, ತಿಂಗಳ ಮತ್ತು ಆರು ತಿಂಗಳ ಭೇಟಿಗಳನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಅವಕ್ಕೆ ಬೇರೆ ಶುಲ್ಕ ಉಂಟೋ ಇಲ್ಲವೋ ಎಂಬುದನ್ನೂ ಅದೇ ಚೀಟಿಯಲ್ಲಿ ಬರೆಸಿ.