ಗುರುವಿನ ಅರ್ಹತೆಯನ್ನು ಕೇಳಬಹುದೆ?

ಮಗುವನ್ನು ಶಾಲೆಗೆ ಸೇರಿಸುವಾಗ ಶುಲ್ಕವೆಷ್ಟು, ವಾಹನ ಬರುತ್ತದೆಯೆ, ಸಮವಸ್ತ್ರ ಯಾವುದು ಎಂದು ವಿಚಾರಿಸುವ ತಂದೆತಾಯಿಗಳು, ಕಲಿಸುವವರು ಏನು ಓದಿದ್ದಾರೆಂದು ಮಾತ್ರ ಕೇಳುವುದಿಲ್ಲ. ಉಯ್ಯಂಬಳ್ಳಿಯ ಕಡೆ ರೇಷ್ಮೆ ಸಾಕುವವರು ಚಾಕಿ ಹುಳು ತರುವ ಮುನ್ನ ಅದು ಯಾವ ಕೇಂದ್ರದ್ದೆಂದು ಹತ್ತು ಸಲ ಕೇಳಿಯಾರು; ಗೂಡು ಮಾರಿದ ಹಣವನ್ನು ಶಾಲೆಗೆ ಕಟ್ಟುವಾಗ ಅವರ ಬಾಯಿ ಕಟ್ಟುತ್ತದೆ. ಗುರುವನ್ನು ಪ್ರಶ್ನಿಸುವುದು ಅಪಚಾರವೆಂಬ ಅಳುಕೇ ಇದಕ್ಕೆ ಕಾರಣ.

ಈ ಅಳುಕು ಶರಣರಿಂದ ಬಂದುದಲ್ಲ. ಕಲ್ಯಾಣಕ್ಕೆ ಬಂದ ಅಕ್ಕಮಹಾದೇವಿಯನ್ನು ಅಲ್ಲಮಪ್ರಭುಗಳು ಪ್ರಶ್ನಿಸಿಯೇ ಬರಮಾಡಿಕೊಂಡ ಪ್ರಸಂಗ ಶೂನ್ಯಸಂಪಾದನೆಯಲ್ಲಿದೆ. ಅದರಿಂದ ಅಕ್ಕನ ಹಿರಿಮೆ ಕುಂದಲಿಲ್ಲ.

2009ರ ಶಿಕ್ಷಣ ಹಕ್ಕು ಕಾಯ್ದೆಯ 23ನೆಯ ಕಲಮು ಶಿಕ್ಷಕರ ಕನಿಷ್ಠ ಅರ್ಹತೆಗೆ ಸಂಬಂಧಿಸಿದ್ದು. ಅದರನ್ವಯ 2010ರಲ್ಲಿ ಹೊರಟ ಅಧಿಸೂಚನೆಯಂತೆ, ಐದನೆಯ ತರಗತಿಯವರೆಗೆ ಕಲಿಸಲು ಹೊಸದಾಗಿ ನೇಮಕವಾಗುವವರಿಗೆ ಸಾಮಾನ್ಯವಾಗಿ ಪಿಯುಸಿ, ಎರಡು ವರ್ಷಗಳ ಶಿಕ್ಷಕ ತರಬೇತಿ ಮತ್ತು ಅರ್ಹತಾ ಪರೀಕ್ಷೆಯ ತೇರ್ಗಡೆ ಬೇಕು. ಖಾಸಗಿ ಶಾಲೆಗೂ ಇದು ಅನ್ವಯಿಸುತ್ತದೆ. ಆದರೆ ಪೋಷಕರು ಕೇಳಿದೊಡನೆ ಶಾಲೆ ಈ ವಿವರ ಕೊಡತಕ್ಕದ್ದೆಂದು ಆ ಕಾಯ್ದೆ ಹೇಳುವುದಿಲ್ಲ. ಅಮೆರಿಕದಲ್ಲಿ 2015ರ ಕಾಯ್ದೆಯಂತೆ, ಬಡಮಕ್ಕಳಿಗಾಗಿ ಕೇಂದ್ರದ ನೆರವು ಪಡೆಯುವ ಶಾಲೆಗಳ ಪೋಷಕರಿಗೆ ಈ ವಿವರ ಕೇಳುವ ಹಕ್ಕಿದೆಯೆಂದು ಪ್ರತಿವರ್ಷ ತಾವಾಗಿಯೇ ತಿಳಿಸಬೇಕು. ನಮ್ಮಲ್ಲಿಯೂ ಅಂಥ ಒಂದು ಸಾಲು ಸೇರಿದ್ದರೆ ಎಷ್ಟೋ ಸಂಕೋಚ ತಪ್ಪುತ್ತಿತ್ತು!

ಸರ್ಕಾರಿ ಶಾಲೆಯಲ್ಲಿ ದಾರಿ ಸುಲಭ. ಅಲ್ಲಿನ ಆಡಳಿತ ಸಮಿತಿಯ ಮುಕ್ಕಾಲು ಪಾಲು ಸದಸ್ಯರು ಪೋಷಕರೇ, ಅರ್ಧದಷ್ಟು ಮಹಿಳೆಯರು. ಅತಿಥಿ ಶಿಕ್ಷಕರ ವಿಷಯವನ್ನೂ ಸಭೆಯಲ್ಲೇ ಕೇಳಬಹುದು. ಅನುದಾನರಹಿತ ಶಾಲೆಗಳಿಗೆ ಈ ಸಮಿತಿಯ ನಿಯಮವಿಲ್ಲ. ಆದರೆ ಮಾನ್ಯತೆಯಿಲ್ಲದೆ ಶಾಲೆ ನಡೆಸುವಂತಿಲ್ಲವಾದುದರಿಂದ ಅವುಗಳ ಕಾಗದಪತ್ರ ಇಲಾಖೆಗೆ ಹೋಗಲೇಬೇಕು. ಮೊದಲು ಮುಖ್ಯೋಪಾಧ್ಯಾಯರನ್ನು ವಿನಯದಿಂದ ಕೇಳಿ. ಉತ್ತರ ಬಾರದಿದ್ದರೆ, 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕನಕಪುರದ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ 10 ರೂಪಾಯಿ ಶುಲ್ಕದೊಡನೆ ಅರ್ಜಿ ಸಲ್ಲಿಸಬಹುದು. 30 ದಿನಗಳೊಳಗೆ ಉತ್ತರ ಬರಬೇಕು.

ಅರ್ಜಿ ಬರೆಯುವಲ್ಲಿ ಸ್ವಲ್ಪ ಎಚ್ಚರ ಬೇಕು. ಶಿಕ್ಷಕರ ಹೆಸರು, ವಿಳಾಸ, ವೇತನ ಕೇಳಿದರೆ ವೈಯಕ್ತಿಕ ಮಾಹಿತಿಯೆಂದು ತಳ್ಳಿಹಾಕುವ ಸಂಭವವುಂಟು. ಅವು ನಮಗೆ ಬೇಕಾಗಿಯೂ ಇಲ್ಲ. ಯಾವ ತರಗತಿಗೆ, ಯಾವ ವಿಷಯಕ್ಕೆ, ಯಾವ ವಿದ್ಯಾರ್ಹತೆ ಮತ್ತು ತರಬೇತಿಯುಳ್ಳವರು ಇದ್ದಾರೆ ಎಂದಷ್ಟೇ ಬರೆದರೆ ಸಾಕು.