ಲ್ಯಾಬ್ ಸರಣಿ 4: ಒಂದೇ ಕಾವಲಿ, ಇಪ್ಪತ್ತು ದೋಸೆ

ನೇರವಾಗಿ ಹೇಳ್ತೀನಿ. ಶಾಲೆಗೆ ಥಿನ್ ಕ್ಲೈಂಟ್ ಲ್ಯಾಬ್ ಹಾಕಿಸುವಾಗ "ಒಂದು ಸೀಟಿಗೆ ಎಷ್ಟು ಖರ್ಚು?" ಅನ್ನೋದು ಮೊದಲ ಪ್ರಶ್ನೆ ಆಗಬಾರದು. "20 ಮಕ್ಕಳೂ ಒಟ್ಟಿಗೆ ವಿಡಿಯೋ ಪಾಠ ಹಾಕಿದ್ರೆ ಓಡುತ್ತಾ?" ಅನ್ನೋದು ಆಗಬೇಕು.

ಥಿನ್ ಕ್ಲೈಂಟ್ ಅಂದ್ರೆ ಗೊತ್ತಲ್ಲ? ಮೇಜಿನ ಮೇಲೆ ಮಾನಿಟರ್, ಕೀಬೋರ್ಡ್, ಮೌಸ್, ಜೊತೆಗೊಂದು ಪುಟ್ಟ ಪೆಟ್ಟಿಗೆ. ಲೆಕ್ಕ, ಚಿತ್ರ, ಸದ್ದು ಎಲ್ಲ ತಯಾರಾಗೋದು ಮೂಲೆಯಲ್ಲಿರೋ ಸರ್ವರಿನಲ್ಲಿ. ಪೆಟ್ಟಿಗೆ ಅದನ್ನು ತೋರಿಸುತ್ತೆ, ಅಷ್ಟೇ. ಇದನ್ನು ಬಯ್ಯೋಕೆ ನಾನು ಬಂದಿಲ್ಲ. ಒಂದು ಕಡೆ ಇನ್‌ಸ್ಟಾಲ್ ಮಾಡಿದ್ರೆ ಎಲ್ಲರಿಗೂ ಬರುತ್ತೆ, ಕರೆಂಟ್ ಕಡಿಮೆ ಸಾಕು, ಹಳೇ ಕಂಪ್ಯೂಟರ್‌ಗೂ ಜೀವ ಬರುತ್ತೆ. ಟೈಪಿಂಗ್, ಲಿಬ್ರೆಆಫೀಸ್‌ಗೆ ಇದು ಧಾರಾಳವಾಗಿ ಸಾಕು.

ಕಷ್ಟ ಶುರುವಾಗೋದು ಚಿತ್ರ ಓಡಾಡೋಕೆ ಶುರುವಾದಾಗ. ಎರಡನೇ ಚಿತ್ರದಲ್ಲಿ ಲೆಕ್ಕ ಬರೆದಿದ್ದೀನಿ, ನೋಡಿ. 1024×768 ಪರದೆಯಲ್ಲಿ 7,86,432 ಚುಕ್ಕಿ. ಒಂದೊಂದಕ್ಕೆ 24 ಬಿಟ್, ಸೆಕೆಂಡಿಗೆ 25 ಚಿತ್ರ. ಕುಗ್ಗಿಸದೆ ಕಳಿಸಿದ್ರೆ ಒಬ್ಬ ಮಗುವಿಗೆ ಸೆಕೆಂಡಿಗೆ ಸುಮಾರು 470 ಮೆಗಾಬಿಟ್! ಹಳೇ ಲ್ಯಾಬಿನ ಕೇಬಲ್ ಹೊರೋದು 100. ಸರ್ವರಿಗೆ 1,000 ಮೆಗಾಬಿಟ್ಟಿನ ಕೇಬಲ್ ಇದ್ರೂ 20 ಜನಕ್ಕೆ ಹಂಚಿದ್ರೆ ತಲೆಗೆ 50. ಸರ್ವರ್ ಚಿತ್ರವನ್ನು ಕುಗ್ಗಿಸಿ ಕಳಿಸಬಹುದು ನಿಜ, ಆದ್ರೆ 20 ಪರದೆಗೂ ಆ ಕೆಲಸ ಅದೊಂದೇ ಮಾಡಬೇಕು.

ಆದ್ರೆ ಅದೇ ಪಾಠದ ವಿಡಿಯೋ ಫೈಲ್ ಹಾಗೇ ಕಳಿಸಿದ್ರೆ? ಸಾಧಾರಣ ಗುಣಮಟ್ಟದ್ದಾದ್ರೆ ಸೆಕೆಂಡಿಗೆ ಒಂದೆರಡು ಮೆಗಾಬಿಟ್ ಸಾಕು. ಇಪ್ಪತ್ತು ಮನೆಗೂ ಒಂದೇ ಕಾವಲಿಯಿಂದ ಬಿಸಿ ದೋಸೆ ಕಳಿಸೋ ಬದಲು ಹಿಟ್ಟು ಕಳಿಸಿ, ಅವರವರ ಕಾವಲಿ ಮೇಲೆ ಹುಯ್ಕೊಳ್ಳಲಿ. ಉಪಾಯ ಇಷ್ಟೇ.

ಈ ಉಪಾಯ ಹೊಸದೇನಲ್ಲ. 1999ರಲ್ಲಿ ಶುರುವಾದ ಎಲ್‌ಟಿಎಸ್‌ಪಿ ಅನ್ನೋ ಉಚಿತ ಲಿನಕ್ಸ್ ವ್ಯವಸ್ಥೆಯನ್ನು 2019ರಲ್ಲಿ ಹೊಸದಾಗಿ ಬರೆದಾಗ ಇದೇ ಮುಖ್ಯ ದಾರಿಯಾಯ್ತು. ಹಾರ್ಡ್ ಡಿಸ್ಕ್ ಬೇಡ, ಸಿಸ್ಟಮ್ ಸರ್ವರಿಂದಲೇ ಬರುತ್ತೆ. ಆದ್ರೆ ಪ್ರೋಗ್ರಾಂ ಓಡೋದು ಮಗುವಿನ ಮುಂದಿರೋ ಕಂಪ್ಯೂಟರಿನ ಪ್ರೊಸೆಸರ್, ರ್‍ಯಾಮ್ ಮೇಲೆ. ಒಂದೆರಡು ಜಿಬಿ ರ್‍ಯಾಮ್ ಇರೋ ಹಳೇ ಕಂಪ್ಯೂಟರೂ ಇದಕ್ಕೆ ಆಗುತ್ತೆ. ಏನೂ ಇಲ್ಲದ ಖಾಲಿ ಪೆಟ್ಟಿಗೆಗೆ ಆಗಲ್ಲ. ಕೊಳ್ಳೋ ಮೊದಲೇ ಕೇಳಬೇಕು ಅನ್ನೋದು ಅದಕ್ಕೇ.

ಇದೆಲ್ಲ ಟೆಕ್ನಿಕಲ್ ವಿಷಯ, ನಮಗ್ಯಾಕೆ ಅನ್ನಬೇಡಿ. ಜಿಕಾಂಪ್ರಿ ಅನ್ನೋ ಮಕ್ಕಳ ಸಾಫ್ಟ್‌ವೇರ್ ಇದೆ, 2000ದಲ್ಲಿ ಶುರುವಾದದ್ದು. ಫ್ರೆಂಚ್‌ನಲ್ಲಿ ಅದರ ಹೆಸರನ್ನು ಕೂಗಿದ್ರೆ 'ನನಗೆ ಅರ್ಥ ಆಯ್ತು' ಅನ್ನೋ ಹಾಗೆ ಕೇಳುತ್ತೆ. ಅದರಲ್ಲಿ ಮಗು ಅಕ್ಷರ ನೋಡಬೇಕು, ಆಗಲೇ ಅದರ ಸದ್ದೂ ಕೇಳಬೇಕು. ಅಕ್ಷರ ಬಂದು ಹೋದಮೇಲೆ ಸದ್ದು ಬಂದ್ರೆ ಏನು ಅರ್ಥ ಆಗುತ್ತೆ? ಮನೇಲಿ ಕಂಪ್ಯೂಟರ್ ಇರೋ ಮಗು ಮನೇಲಿ ಕಲಿಯುತ್ತೆ. ಇಲ್ಲದ ಮಗುವಿಗೆ ವಾರಕ್ಕೊಂದೇ ಲ್ಯಾಬ್ ಪೀರಿಯಡ್. ಅದೂ ನಿಂತ ಪರದೆ ನೋಡ್ತಾ ಕಳೆದ್ರೆ "ಇದು ನನಗೆ ಬರಲ್ಲ" ಅಂದ್ಕೊಳ್ಳುತ್ತೆ. ಕೊರತೆ ಇರೋದು ಕೇಬಲ್‌ನಲ್ಲಿ, ಮಗುವಿನಲ್ಲಲ್ಲ.

ಅದಕ್ಕೇ ನಿಮ್ಮೂರ ಶಾಲೆಗೆ ಹೊಸ ಲ್ಯಾಬ್ ಬರ್ತಿದ್ರೆ, ಹೆಡ್ ಮಾಸ್ಟರಿಗೋ ಎಸ್‌ಡಿಎಂಸಿ ಸಭೆಯಲ್ಲೋ ಮೂರು ಮಾತು ಹೇಳಿ:
1. ಒಂದೇ ಸೀಟಲ್ಲಿ ಡೆಮೊ ನೋಡಿ ಒಪ್ಪಬೇಡಿ. ಒಂದು ಸೀಟಲ್ಲಿ ಎಲ್ಲವೂ ಚೆನ್ನಾಗಿಯೇ ಓಡುತ್ತೆ.
2. ಎಲ್ಲ ಸೀಟಲ್ಲೂ ಹೆಡ್‌ಫೋನ್ ಹಾಕಿ, ಪೂರ್ತಿ ಪರದೆಯಲ್ಲಿ, ಒಟ್ಟಿಗೆ 10 ನಿಮಿಷ ವಿಡಿಯೋ ಓಡಿಸಿ.
3. ಓಡಿದ ಮೇಲೇ ಸಹಿ ಹಾಕಿ.

ಇದಕ್ಕೆ ಇಂಜಿನಿಯರೇ ಬೇಕಿಲ್ಲ. 20 ಮಕ್ಕಳು, ಒಂದು ಪೀರಿಯಡ್ ಸಾಕು.

ನಿಮ್ಮ ಶಾಲೆ ಲ್ಯಾಬಲ್ಲಿ ಸದ್ದು, ಚಿತ್ರ ಒಟ್ಟಿಗೆ ಬರ್ತಿತ್ತಾ? ಕಾಮೆಂಟಲ್ಲಿ ಹೇಳಿ. ಭಾಗ 5ರಲ್ಲಿ: ಹಳೇ ಕಂಪ್ಯೂಟರ್ ಗುಜರಿಗೆ ಹಾಕೋ ಮುಂಚೆ ಏನು ನೋಡಬೇಕು.

#ಲ್ಯಾಬ್‌ಸರಣಿ #ಥಿನ್‌ಕ್ಲೈಂಟ್ #ನಮ್ಮೂರಶಾಲೆ